ಅರವತ್ತು ಮೇಲ್, ಒಂದೇ ಉತ್ತರ

ಮೈಸೂರಿನಲ್ಲಿ ನಾನು ಪಿಆರ್ ಕೆಲಸ ಮಾಡುತ್ತೇನೆ. ಪ್ರೆಸ್ ನೋಟ್ ಬರೆಯುವುದು, ಪತ್ರಕರ್ತರಿಗೆ ಫೋನ್ ಮಾಡುವುದು, ಮರುದಿನ ಪೇಪರ್ ಕಟಿಂಗ್ ಕೂಡಿಡುವುದು, ಬಹಳ ವರ್ಷ ಇದೇ ಆಗಿತ್ತು. ಮಂಡ್ಯ ಕಡೆಯ ಒಂದು ಬೆಲ್ಲದ ಕಂಪನಿ ನಮ್ಮ ಹತ್ತಿರ ಬಂದಾಗ, ಅಡುಗೆ ಬ್ಲಾಗ್ ಬರೆಯುವ ಅರವತ್ತು ಜನರ ಪಟ್ಟಿ ಮಾಡಿ ಎಲ್ಲರಿಗೂ ಒಂದೇ ಮೇಲ್ ಕಳಿಸಿದೆ. ಕಂಪನಿಯವರ ಫೋಟೊ ಇನ್ನೂ ಬಂದಿರಲಿಲ್ಲ. ಎಲ್ಲಿಂದಲೋ ಒಂದು ಚೆಂದದ ಬೆಲ್ಲದ ಚಿತ್ರ ತೆಗೆದು ಹಾಕಿದೆ.

ಬಂದದ್ದು ಒಂದೇ ಉತ್ತರ. ಕುವೆಂಪುನಗರದ ಒಬ್ಬರು ಮೇಡಂ ಬರೆದಿದ್ದರು: "ಫಳಫಳ ಹೊಳೆಯುವ ಹಳದಿ ಬೆಲ್ಲ ಕೊಳ್ಳಬೇಡಿ ಅಂತ ನಾನು ಮೂರು ಸಲ ಬರೆದಿದ್ದೇನೆ. ನಿಮ್ಮ ಫೋಟೊದಲ್ಲಿ ಇರುವುದು ಅದೇ ಅಲ್ವಾ?"

ಕಂಪನಿಯ ಬೆಲ್ಲ ಕಂದು ಬಣ್ಣದ್ದು. ತಪ್ಪು ಪೂರ್ತಿ ನನ್ನದು. ಅವರ ಒಂದು ಬರಹವನ್ನೂ ನಾನು ಓದಿರಲಿಲ್ಲ.

ಎರಡು ರಾತ್ರಿ ಕೂತು ಹಳೆಯದೆಲ್ಲ ಓದಿದೆ. ಆಮೇಲೆ ಫೋನ್ ಮಾಡಿ ಕ್ಷಮೆ ಕೇಳಿದೆ. ಸ್ಯಾಂಪಲ್ ಕಳಿಸಲಾ ಅಂದರೆ, "ಬೇಡಪ್ಪಾ, ಆಲೆಮನೆ ತೋರಿಸಿ" ಅಂದರು.

ಬೆಳಿಗ್ಗೆ ಏಳಕ್ಕೆ ಹೊರಟೆವು. ಗಾಣದ ಪಕ್ಕ ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು (ಅಲ್ಲಿ ಕಬ್ಬಿನ ರಸಕ್ಕೆ ಹಾಲು ಅಂತಲೇ ಹೇಳುತ್ತಾರೆ). ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ. ಮೇಡಂ ನೇರವಾಗಿ ಕೇಳಿದರು, "ಹೈಡ್ರೋಸ್ ಹಾಕ್ತೀರಾ?" ಬೆಲ್ಲದ ಬಣ್ಣ ತಿಳಿಯಾಗಲಿ ಅಂತ ಹಾಕುವ ರಾಸಾಯನಿಕ ಅದು. ನನಗೆ ಎದೆ ಧಸಕ್ಕೆಂದಿತು. ಆಲೆಮನೆ ಯಜಮಾನರು ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. "ಮೊದ್ಲು ಹಾಕ್ತಿದ್ದೆ ಅಕ್ಕ. ಮಾರ್ಕೆಟ್ಟಲ್ಲಿ ಬಣ್ಣ ನೋಡಿ ರೇಟು ಕಟ್ತಾರೆ. ಈಗ ಬಿಟ್ಟಿದೀನಿ" ಅಂದು, ಬೆಂಡೆ ಗಿಡ ಜಜ್ಜಿ ತೆಗೆದ ಲೋಳೆ ತೋರಿಸಿದರು. ಅದನ್ನು ಹಾಕಿದರೆ ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ, ಜಾಲರಿಯಲ್ಲಿ ತೆಗೆಯಬಹುದು. ನೂರು ಕಿಲೋ ಕಬ್ಬು ಅರೆದರೆ ಸಿಗುವ ಬೆಲ್ಲ ಹತ್ತು ಕಿಲೋ ಆಸುಪಾಸು. ಇದ್ಯಾವುದೂ ನನ್ನ ಪ್ರೆಸ್ ನೋಟ್‌ನಲ್ಲಿ ಇರಲಿಲ್ಲ. ನನಗೇ ಗೊತ್ತಿರಲಿಲ್ಲ.

ನಾನು ಮಧ್ಯೆ ಬಾಯಿ ಹಾಕದೆ ಸುಮ್ನೆ ನಿಂತಿದ್ದೆ. ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ ಅದೇ.

ಕಾರು ನಮ್ಮದು, ಊಟ ನಮ್ಮದು. ಇದನ್ನು ಬರಹದಲ್ಲೇ ಹೇಳಿಬಿಡಿ ಅಂತ ಕೇಳಿಕೊಂಡೆ. ಜಾಹೀರಾತು ಗುಣಮಟ್ಟ ನೋಡುವ ಆಸ್ಕಿ 2021ರಲ್ಲೇ ಇದಕ್ಕೆ ನಿಯಮ ಮಾಡಿದೆ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯೂ ಸೂಚನೆ ಕೊಟ್ಟಿತು. ದುಡ್ಡು ಕೊಟ್ಟರಷ್ಟೇ ಅಲ್ಲ, ಪುಕ್ಕಟೆ ವಸ್ತು, ಪ್ರವಾಸ ಕೊಟ್ಟರೂ ಓದುಗರಿಗೆ ತಿಳಿಸಬೇಕು. ನಮ್ಮ ಕಸುಬಿನಲ್ಲಿ ಇನ್ನೂ ಎಷ್ಟೋ ಜನ ಇದನ್ನು ಮುಚ್ಚಿಡಿ ಅನ್ನುತ್ತಾರೆ. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಒಂದು ದಿನ ಗೊತ್ತಾದರೆ ಬರೆದವರ ಹೆಸರು ಹಾಳಾಗುತ್ತದೆ, ನಮಗೆ ಏನೂ ಆಗುವುದಿಲ್ಲ. ಇದು ಯಾವ ನ್ಯಾಯ?

ಬರಹ ಬಂತು. ಆಲೆಮನೆಯ ಬಗ್ಗೆ ಮನಸ್ಸಿಟ್ಟು ಬರೆದಿದ್ದರು. ಕೊನೆಯಲ್ಲಿ, ಅಂಗಡಿಯಲ್ಲಿ ಕೊಂಡ ಇದೇ ಕಂಪನಿಯ ಬೆಲ್ಲ ಮಳೆಗಾಲದಲ್ಲಿ ನೀರೊಡೆಯಿತು, ಪ್ಯಾಕಿಂಗ್ ಸರಿಯಿಲ್ಲ ಅಂತಲೂ ಇತ್ತು. ಕಂಪನಿಯವರು ಆ ಸಾಲು ತೆಗೆಸಿ ಅಂದರು. ಆಗಲ್ಲ ಅಂದೆ. ಒಂದು ವಾರ ಮಾತು ಬಿಗಿಯಾಗಿಯೇ ಇತ್ತು. ಕೊನೆಗೆ ಅವರೇ ಒಂದು ಪ್ಯಾಕೆಟ್ ಅಡುಗೆಮನೆಯಲ್ಲಿ ಇಟ್ಟು ನೋಡಿದರು. ಎರಡು ತಿಂಗಳಲ್ಲಿ ಕವರ್ ಬದಲಾಯಿತು.

ಹೊಸ ಪ್ಯಾಕೆಟ್ ಬಂದಾಗ ಮೇಡಂಗೆ ಮೇಲ್ ಮಾಡಲಿಲ್ಲ. ಫೋನ್ ಮಾಡಿ, "ನೀವು ಹೇಳಿದ್ದು ಸರಿ ಮಾಡಿದ್ದಾರೆ, ಬರೆಯಿರಿ ಅಂತ ಕೇಳ್ತಿಲ್ಲ" ಅಂದೆ. "ಮಳೆ ಶುರುವಾಗಲಿ, ಅಂಗಡಿಯಿಂದಲೇ ತಂದು ನೋಡ್ತೀನಿ" ಅಂದರು.