ಟಾಮ್ ಫಿನ್ನಿಯ ನೀರು ಕೊನೆಗೂ ನಿಂತಿತು

ನಿಂತಿತು! ನಾನು ಮಾಡಿದ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಟಾಮ್ ಫಿನ್ನಿಯ ಬೊಂಬೆಯಲ್ಲಿ, ಬೂಟಿನ ಅಂಚಿನಿಂದ ಚಿಮ್ಮಿದ ಹಾಗೆ ಮಾಡಿದ ನೀರು ರಾತ್ರಿಯೆಲ್ಲ ಬಾಗಲಿಲ್ಲ, ಜೋತುಬೀಳಲಿಲ್ಲ. ಬೆಳಿಗ್ಗೆ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅಮ್ಮ ದೂರದಿಂದಲೇ ನೋಡಿ, "ಎಲ್ಲಿಂದ ಸೋರ್ತಿದೆ, ಬಟ್ಟೆ ತರ್ಲಾ?" ಅಂದರು. ನನಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

1956 ರ ಆ ಫೋಟೋ ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ಚೆಲ್ಸಿ ಎದುರು ಫಿನ್ನಿಯ ಕ್ಲಬ್ ಪ್ರೆಸ್ಟನ್ ನಾರ್ತ್ ಎಂಡ್ ಆಡುತ್ತಿದೆ. ಮಳೆಗೆ ಮೈದಾನದ ತುಂಬ ನೀರು. ಚೆಂಡಿನ ಹಿಂದೆ ಹೋದ ಫಿನ್ನಿ ಆ ನೀರಿನಲ್ಲೇ ಜಾರುತ್ತಿದ್ದಾರೆ, ಸುತ್ತ ನೀರು ಎದ್ದಿದೆ. ಪ್ರೆಸ್ಟನ್ನಿನ ಡೀಪ್‌ಡೇಲ್ ಮೈದಾನದ ಹೊರಗೆ 2004 ರಲ್ಲಿ ಇದೇ ಭಂಗಿಯ ಪ್ರತಿಮೆ ನಿಲ್ಲಿಸಿದರು. ಮಾಡಿದವರು ಪೀಟರ್ ಹಾಜ್‌ಕಿನ್ಸನ್. ಅಲ್ಲಿ ಕಾರಂಜಿ ಇದೆ, ನಿಜವಾದ ನೀರೇ ಚಿಮ್ಮುತ್ತದೆ. ಶೋಕೇಸ್‌ನಲ್ಲಿ ಕಾರಂಜಿ ಇಡೋಕಾಗುತ್ತಾ? ನಮ್ಮ ನೀರು ಗಟ್ಟಿಯಾಗಿಯೇ ಇರಬೇಕು, ಆದರೆ ಓಡುತ್ತಿರುವ ಹಾಗೆ ಕಾಣಬೇಕು.

ಬೊಂಬೆ 1:12 ಅಳತೆಯದು, ಅಂದರೆ ನಿಜದ ಎತ್ತರದ ಹನ್ನೆರಡನೇ ಒಂದು ಭಾಗ. ತಂತಿ ಕಟ್ಟುವುದು, ಎಪಾಕ್ಸಿ ಪುಟ್ಟಿ ತುಂಬುವುದು, ಪ್ರೈಮರ್ ಹೊಡೆಯುವುದು ಎಲ್ಲ ನಿಮಗೆ ಗೊತ್ತಿರುವ ಕೆಲಸ, ಬಿಡಿ. ಒದ್ದೆ ಅಂಗಿಯ ಬಗ್ಗೆ ಮಾತ್ರ ಒಂದು ಮಾತು. ಪ್ರೆಸ್ಟನ್ನಿನದು ಬಿಳಿ ಅಂಗಿ, ಕಡುನೀಲಿ ಚಡ್ಡಿ. ಬಿಳಿ ಬಟ್ಟೆ ನೆನೆದರೆ ಮೈಬಣ್ಣ ಹೊರಗೆ ಇಣುಕುತ್ತದೆ. ಹಾಗಾಗಿ ಬೆನ್ನಿಗೆ ಮತ್ತು ಭುಜಕ್ಕೆ ಮೊದಲು ಮೈಬಣ್ಣ ಹೊಡೆದು, ಮೇಲೆ ತೆಳು ಬಿಳಿಯನ್ನು ಪದರ ಪದರವಾಗಿ ಎಳೆದೆ. ಮಡಿಕೆಗಳಲ್ಲಿ ಬಿಳಿ ದಪ್ಪ, ಅಂಟಿದ ಕಡೆ ತೆಳು. ಚರ್ಮದ ಚೆಂಡಿಗೆ ಅರೆಹೊಳಪಿನ ಸ್ಯಾಟಿನ್ ವಾರ್ನಿಷ್ ಸಾಕು, ಪೂರ್ತಿ ಹೊಳಪಿನದು ಹೊಡೆದರೆ ಪ್ಲಾಸ್ಟಿಕ್ ಆಗಿಬಿಡುತ್ತದೆ.

ಈಗ ನೀರಿನ ವಿಷಯಕ್ಕೆ ಬರೋಣ.

ನೆಲದ ನೀರು ಸುಲಭ. ಎಪಾಕ್ಸಿ ರೆಸಿನ್ (ಬೆರೆಸಿ ಸುರಿದ ಮೇಲೆ ಗಟ್ಟಿಯಾಗುವ ತಿಳಿ ದ್ರವ) ಸುರಿದರೆ ತಾನೇ ಸಮವಾಗಿ ಹರಡಿಕೊಳ್ಳುತ್ತದೆ. ಆ ಗುಣವೇ ಚಿಮ್ಮುವ ನೀರಿಗೆ ಶತ್ರು, ಎಲ್ಲಿ ನಿಲ್ಲಿಸಿದರೂ ಕೆಳಗೆ ಬರುತ್ತದೆ. ಗಾಳದ ದಾರಕ್ಕೆ ಯುವಿ ರೆಸಿನ್ (ನೇರಳಾತೀತ ಬೆಳಕಿಗೆ ಗಟ್ಟಿಯಾಗುವಂಥದ್ದು) ಹನಿ ಕೂರಿಸಿದರೆ ಮಣಿ ಪೋಣಿಸಿದ್ದು ಎದ್ದು ಕಾಣುತ್ತದೆ. ಸಿಲಿಕೋನ್ ಎಳೆದರೆ ಆಕಾರ ಚೆನ್ನಾಗಿ ನಿಲ್ಲುತ್ತದೆ, ಒಣಗಿದ ಮೇಲೆ ಮಂಕು. ಬರೀ ಓಎಚ್‌ಪಿ ಶೀಟ್ (ತಿಳಿ ಪ್ಲಾಸ್ಟಿಕ್ ಹಾಳೆ) ಕತ್ತರಿಸಿ ನಿಲ್ಲಿಸಿದರೆ ಅದು ಶೀಟೇ, ನೀರಲ್ಲ.

ಇದರ ಮಧ್ಯೆ ಸಾಮಾನು ಕೊಡುವವರ ಕಾಟ ಬೇರೆ. ತಿಳಿ ರೆಸಿನ್ ಅಂತ ದುಡ್ಡು ತೆಗೆದುಕೊಂಡು ಕಳಿಸಿದ ಹಾರ್ಡನರ್ (ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ) ಕಬ್ಬಿನ ಹಾಲಿನ ಬಣ್ಣಕ್ಕೆ ತಿರುಗಿತ್ತು. ಕೇಳಿದರೆ "ಬೆರೆಸಿದ ಮೇಲೆ ಸರಿ ಹೋಗುತ್ತೆ ಸಾರ್" ಎಂಬ ಉತ್ತರ. ಹೋಗಲಿಲ್ಲ! ಮೇಲಾಗಿ ಮಳೆಗಾಲ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಹಾರ್ಡನರ್ ಅದರ ಜೊತೆ ಸೇರಿ ಮೇಲ್ಮೈಯಲ್ಲಿ ಜಿಡ್ಡು ಕಟ್ಟುತ್ತದೆ. ಇನ್ನೊಬ್ಬರು ಹಳೇ ಕಾಲದ ಬೂಟು ಅಂತ ಕಳಿಸಿದ್ದು ಇವತ್ತಿನ ಬಣ್ಣಬಣ್ಣದ ಬೂಟು. ಫಿನ್ನಿ ಕಾಲಿಗೆ ಅದನ್ನು ಹಾಕಲು ನನಗೆ ಮನಸ್ಸು ಬರಲಿಲ್ಲ. ಬೂಟನ್ನೂ ಪುಟ್ಟಿಯಲ್ಲೇ ಮಾಡಿದೆ.

ದಾರಿ ತೋರಿಸಿದ್ದು ಆ ಫೋಟೋನೇ. ದೊಡ್ಡದು ಮಾಡಿ ಗೋಡೆಗೆ ಅಂಟಿಸಿಕೊಂಡು, ಕಾಲಿನಿಂದ ಹೊರಕ್ಕೆ ಒಂದೊಂದೇ ಬೆರಳಗಲ ನೋಡುತ್ತ ಹೋದೆ. ಚಿಮ್ಮುವ ನೀರು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಕಾಲಿನ ಹತ್ತಿರ ತೆಳು ಹಾಳೆ. ಆಮೇಲೆ ಅದು ಹರಿದು ಎಳೆ ಎಳೆಯಾಗುತ್ತದೆ. ಕೊನೆಗೆ ಎಳೆ ತುಂಡಾಗಿ ಹನಿ. ಹಾಳೆ ಬೆಳಕನ್ನು ಬಿಟ್ಟುಕೊಡುತ್ತದೆ, ಅದಕ್ಕೇ ತಿಳಿ. ಹನಿಗಳು ಬೆಳಕನ್ನು ಚದುರಿಸುತ್ತವೆ, ಅದಕ್ಕೇ ಬಿಳಿ. ಒಂದೇ ಸಾಮಾನಿನಲ್ಲಿ ಮೂರನ್ನೂ ಮಾಡಿಸಲು ಹೊರಟರೆ ಯಾವ ಬಾಟಲಿ ತಂದರೂ ಆಗುವುದಿಲ್ಲ.

ಈಗ ಮಾಡಿರುವುದು ಹೀಗೆ. ಬುಡಕ್ಕೆ ಓಎಚ್‌ಪಿ ಶೀಟಿನ ಪಟ್ಟಿ. ಹಾಟ್ ಏರ್ ಗನ್ನಿನಲ್ಲಿ ಬಿಸಿ ಮಾಡಿ ಇಕ್ಕಳದಿಂದ ತಿರುಚಿ ಎಳೆದರೆ ಅಂಚು ತಾನೇ ಮುದುಡುತ್ತದೆ, ಅದೇ ಚೆಂದ. ಕಿಟಕಿ ತೆರೆದಿಡಿ, ವಾಸನೆ ಒಳ್ಳೆಯದಲ್ಲ. ನಡುವಿಗೆ ಹೊಳಪಿನ ಜೆಲ್ ಎಳೆಗಳು. ಬೇಕಿಂಗ್ ಪೇಪರ್ ಮೇಲೆ ಟೂತ್‌ಪಿಕ್ಕಿನಿಂದ ಎಳೆದು, ಪೂರ್ತಿ ಒಣಗಿದ ಮೇಲೆ ಬಿಡಿಸಿ, ಶೀಟಿನ ಅಂಚಿಗೆ ಅಂಟಿಸಬೇಕು. ತುದಿಗೆ ಯುವಿ ರೆಸಿನ್, ಅದು ಹಸಿ ಇರುವಾಗಲೇ ಪುಡಿ ಗಾಜಿನ ಮಣಿ ಉದುರಿಸಿ ಯುವಿ ಟಾರ್ಚ್ ಹಿಡಿದೆ. ಕೊನೆಗೆ ಒಣ ಬ್ರಷ್ಷಿನಲ್ಲಿ ಬಿಳಿ, ತುದಿಗೆ ಮಾತ್ರ. ಬುಡಕ್ಕೆ ಬಿಳಿ ಮುಟ್ಟಿತೋ, ನೀರು ಹೋಗಿ ನೊರೆ ಆಗುತ್ತದೆ.

ಇಷ್ಟು ಕಷ್ಟ ಯಾಕೆ ಅಂತ ಕೇಳುವವರಿಗೆ: ಇದು ಫಿನ್ನಿ, ಅದಕ್ಕೆ. ಹುಟ್ಟಿನಿಂದ ಎಡಗಾಲಿನವರು, ಹೆಸರು ಮಾಡಿದ್ದು ಬಲ ವಿಂಗ್‌ನಲ್ಲಿ, ಅಂದರೆ ಮೈದಾನದ ಬಲ ಅಂಚಿನಲ್ಲಿ. ಇಂಗ್ಲೆಂಡಿಗೆ 76 ಪಂದ್ಯ, 30 ಗೋಲು. ಲೀಗ್‌ನಲ್ಲಿ 433 ಪಂದ್ಯ, 187 ಗೋಲು, ಎಲ್ಲವೂ ಒಂದೇ ಕ್ಲಬ್‌ಗೆ, ಅದೂ ಹುಟ್ಟೂರಿನದು. 1952 ರಲ್ಲಿ ಇಟಲಿಯ ಪಲೆರ್ಮೊ 10,000 ಪೌಂಡ್, ಬಂಗಲೆ, ಕಾರು ಕೊಡುತ್ತೇವೆ ಅಂದಿತ್ತು. ಇಂಗ್ಲೆಂಡಿನಲ್ಲಿ ಆಗ ಆಟಗಾರನಿಗೆ ವಾರಕ್ಕೆ ಹೆಚ್ಚೆಂದರೆ 14 ಪೌಂಡ್. ಕ್ಲಬ್ ಬಿಡಲಿಲ್ಲ. ಅಪ್ಪನ ಮಾತಿನಂತೆ ಕಲಿತಿದ್ದ ಪ್ಲಂಬಿಂಗ್ ಕೆಲಸವನ್ನು ಫಿನ್ನಿಯೂ ಬಿಡಲಿಲ್ಲ. 1952-53 ರಲ್ಲಿ ಪ್ರೆಸ್ಟನ್ ಮತ್ತು ಆರ್ಸೆನಲ್ ಎರಡಕ್ಕೂ 54 ಅಂಕ, ಗೋಲ್ ಸರಾಸರಿಯಲ್ಲಿ (ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸಿದ್ದು) ಕೂದಲೆಳೆಯಷ್ಟು ಅಂತರದಿಂದ ಪ್ರೆಸ್ಟನ್ನಿಗೆ ಲೀಗ್ ಪಟ್ಟ ತಪ್ಪಿತು. ಮರುವರ್ಷ ಎಫ್‌ಎ ಕಪ್ ಫೈನಲ್‌ನಲ್ಲಿ ವೆಸ್ಟ್ ಬ್ರಾಮ್‌ವಿಚ್ ಎದುರು 2-3 ಸೋಲು. ಇಂಥ ಆಟಗಾರನಿಗೆ ಒಂದು ದೊಡ್ಡ ಪದಕ ಸಿಗಲಿಲ್ಲವಲ್ಲ ಅನ್ನೋದು ನನಗೆ ಈಗಲೂ ನೋವು.

ಮುಂದಿನದು ಯಾವುದು ಎನ್ನುವುದರಲ್ಲಿ ಮನಸ್ಸು ಎರಡು ಕಡೆ ಎಳೆಯುತ್ತಿದೆ. 1960 ರಲ್ಲಿ ನಿವೃತ್ತರಾದ ಫಿನ್ನಿ, 1963 ರಲ್ಲಿ ಬೆಲ್‌ಫಾಸ್ಟಿನ ಡಿಸ್ಟಿಲರಿ ಪರವಾಗಿ ಯುರೋಪಿಯನ್ ಕಪ್‌ನಲ್ಲಿ ಬೆನ್‌ಫಿಕಾ ಎದುರು ಇಳಿದರು. ಆಗ ಅವರಿಗೆ 41 ವರ್ಷ, ಎದುರಿಗೆ ಪೋರ್ಚುಗಲ್‌ನ ದೊಡ್ಡ ಆಟಗಾರ ಯೂಸೆಬಿಯೊ. ಪಂದ್ಯ 3-3! ಇಬ್ಬರನ್ನೂ ಒಂದೇ ಹಲಗೆಯ ಮೇಲೆ ನಿಲ್ಲಿಸುವ ಆಸೆ ಇದೆ. ಇನ್ನೊಂದು ಕಡೆ ಎರಡನೇ ಮಹಾಯುದ್ಧದ ದಿನಗಳು. 9ನೇ ಕ್ವೀನ್ಸ್ ರಾಯಲ್ ಲ್ಯಾನ್ಸರ್ಸ್ ದಳದಲ್ಲಿ ಫಿನ್ನಿ ಸ್ಟುವರ್ಟ್ ಟ್ಯಾಂಕ್ ಓಡಿಸುತ್ತಿದ್ದರು, 1945 ರ ಏಪ್ರಿಲ್‌ನಲ್ಲಿ ಇಟಲಿಯ ಅರ್ಜೆಂಟಾ ಕಾಳಗದಲ್ಲೂ ಇದ್ದರು. 1:35 ಸ್ಟುವರ್ಟ್ ಕಿಟ್, ಡ್ರೈವರ್ ಹ್ಯಾಚ್ (ಡ್ರೈವರ್ ಒಳಗಿಳಿಯುವ ಮುಚ್ಚಳ) ತೆರೆದಿಡಲು ಆಗುವಂಥದ್ದು, ಯಾರಾದರೂ ಕಟ್ಟಿದ್ದರೆ ಒಂದು ವಿಷಯ ಹೇಳಿ: ಹ್ಯಾಚಿನ ಒಳಗೆ ಡ್ರೈವರ್ ಸೀಟು ಕೊಡುತ್ತಾರಾ, ಅಥವಾ ಅದನ್ನೂ ನಾವೇ ಮಾಡಬೇಕಾ?