ಅಪ್ಪಯ್ಯನ ತಲೇಲಿ ಎರಡು ಬೋರ್‌ವೆಲ್

ನಮ್ಮನೆ ಕೊಟ್ಟಿಗೆ ಬಾಗಿಲು ಐದಡಿ ಇದ್ರೆ ಹೆಚ್ಚು. ತೀರ್ಥಹಳ್ಳಿ ಕಡೆ ಹಳೇ ಮನೆಗಳದ್ದೆಲ್ಲ ಇದೇ ಕತೆ, ಬಗ್ಗಿ ಹೋಗ್ಬೇಕು ಬಗ್ಗಿ ಬರ್ಬೇಕು. ಎಪ್ಪತ್ತಮೂರು ವರ್ಷದಿಂದ ಅದೇ ಬಾಗಿಲಲ್ಲಿ ಓಡಾಡಿದ ಅಪ್ಪಯ್ಯ ಹೋದ ದೀಪಾವಳಿ ಗೋಪೂಜೆ ದಿನ, ಕೈಯಲ್ಲಿ ದನಕ್ಕೆ ಹಾಕೋ ಹೂವಿನ ಹಾರ ಹಿಡ್ಕೊಂಡು, ಯಾರಿಗೋ ಏನೋ ಹೇಳ್ತಾ ಹೋಗಿ ದಾರಂದಕ್ಕೆ ಟಪ್ ಅಂತ ತಲೆ ಕೊಟ್ಟಿದಾರೆ. ರಕ್ತ ಇಲ್ಲ, ತಲೆ ಸುತ್ತು ಇಲ್ಲ, ವಾಂತಿ ಇಲ್ಲ. ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದ್ದಾರೆ, ಅಪ್ಪಯ್ಯ "ಎಂತದೂ ಆಗ್ಲಿಲ್ಲ ಮಾರಾಯ್ತಿ" ಅಂದು ಪೂಜೆ ಮುಗಿಸಿ ಹೋಳಿಗೆ ತಿಂದು ಮಲಗಿದಾರೆ. ಅಲ್ಲಿಗೆ ಆ ವಿಷಯ ಎಲ್ರಿಗೂ ಮರ್ತೇ ಹೋಯ್ತು. ನಾನು ಬೆಂಗಳೂರಲ್ಲಿ, ನಂಗಂತೂ ಯಾರೂ ಹೇಳೇ ಇರ್ಲಿಲ್ಲ.

ಡಿಸೆಂಬರ್ ಬಂತು, ಅಡಿಕೆ ಕೊನೆ ಕೊಯ್ಲು, ಸುಲಿಯೋದು ಬೇಯ್ಸೋದು ಅಂತ ಮನೆ ತುಂಬಾ ಜನ. ಅಮ್ಮ ಫೋನಲ್ಲಿ ಸುಮ್ನೆ ಹೇಳೋ ಥರ ಹೇಳ್ತಿದ್ರು, "ನಿನ್ನಪ್ಪಯ್ಯಂಗೆ ಈ ಸಲ ಲೆಕ್ಕ ತಪ್ತಾ ಇದೆ, ಸುಲಿದೋರಿಗೆ ಎರಡು ಸಲ ದುಡ್ಡು ಕೊಟ್ಬಿಟ್ಟಿದಾರೆ." ನಾನು ನಕ್ಕೆ. ಒಂದು ವಾರ ಬಿಟ್ಟು, "ಮಧ್ಯಾಹ್ನ ಮಲಗಿದ್ರೆ ಏಳೋದೇ ಇಲ್ಲ." ಆಮೇಲೆ, "ಎಡಗಾಲಿನ ಚಪ್ಪಲಿ ತೋಟದಲ್ಲೇ ಬಿಟ್ಟು ಬರ್ತಾರೆ, ಕೇಳಿದ್ರೆ ಹಾಕಿದೀನಿ ಅಂತಾರೆ." ಈ ಚಪ್ಪಲಿ ವಿಷಯಕ್ಕೂ ನಾನು ನಕ್ಕಿದ್ದೆ ಅನ್ನೋದು ಈಗ ನೆನಪಾದ್ರೆ ಹೊಟ್ಟೇಲಿ ಏನೋ ಆಗುತ್ತೆ. ಚಪ್ಪಲಿ ಜಾರಿದ್ದು ಕಾಲಿಗೆ ಗೊತ್ತಾಗ್ತಿಲ್ಲ ಅಂದ್ರೆ ಅದು ಮರೆವಲ್ಲ ಅಂತ ಆಗ ಹೊಳೀಲೇ ಇಲ್ಲ.

ನನ್ನ ತಮ್ಮ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರ್ಕೊಂಡು ಹೋದ. ಅಲ್ಲಿ ಬಿಪಿ ನೋಡಿ, ಶುಗರ್ ನೋಡಿ, "ವಯಸ್ಸಾಯ್ತಲ್ಲ, ಸ್ವಲ್ಪ ಮರೆವು ಶುರುವಾಗಿದೆ" ಅಂತ ತಲೆಸುತ್ತಿನ ಮಾತ್ರೆ, ವಿಟಮಿನ್ ಮಾತ್ರೆ ಬರೆದು ಕಳಿಸಿದ್ರು. ತಲೆಗೆ ಏನಾದ್ರೂ ಪೆಟ್ಟು ಬಿದ್ದಿತ್ತಾ ಅಂತ ಅವ್ರೂ ಕೇಳ್ಲಿಲ್ಲ, ಇವ್ರೂ ಹೇಳ್ಲಿಲ್ಲ. ಆರು ವರ್ಷದ ಹಿಂದೆ ಸ್ಟೆಂಟ್ ಹಾಕಿದಾಗಿಂದ ಅಪ್ಪಯ್ಯ ದಿನಾ ಇಕೋಸ್ಪ್ರಿನ್ ತಗೋತಾರೆ, ರಕ್ತ ಗಟ್ಟಿಯಾಗದ ಹಾಗೆ ನೋಡ್ಕೊಳೋ ಮಾತ್ರೆ ಅದು, ಅದನ್ನೂ ಯಾರೂ ತಲೆಗೆ ಜೋಡಿಸಿ ನೋಡ್ಲಿಲ್ಲ. ಅಲ್ಲಿನ ಡಾಕ್ಟ್ರನ್ನ ಪೂರ್ತಿ ಬೈಯಕ್ಕೂ ನಂಗೆ ಮನಸ್ಸಿಲ್ಲ, ಮನೆಯವ್ರು ನಾವೇ ವಯಸ್ಸಾಯ್ತು ಅಂದ್ಕೊಂಡಿದ್ವಿ. ಆದ್ರೂ ಒಂದು ಸಿಟಿ ಸ್ಕ್ಯಾನಿಗೆ ಬರೆದಿದ್ರೆ ಹತ್ತು ದಿನ ಉಳೀತಿತ್ತು ಅನ್ನೋ ಸಿಟ್ಟು ಮಾತ್ರ ಹೋಗಿಲ್ಲ.

ಒಂದು ಶನಿವಾರ ಬೆಳಗ್ಗೆ ಕಾಫಿ ಲೋಟ ಎಡಗೈಯಿಂದ ಜಾರಿ ಬಿತ್ತು, ಮಾತು ಸ್ವಲ್ಪ ತೊದಲ್ತು. ತಮ್ಮ ಸ್ಟ್ರೋಕ್ ಅಂದ್ಕೊಂಡು ಕಾರಲ್ಲಿ ಹಾಕ್ಕೊಂಡು ನೇರ ಶಿವಮೊಗ್ಗಕ್ಕೆ ಹೊಡೆದ. ನಾನು ರಾತ್ರಿ ಬಸ್ಸಿಗೂ ಕಾಯದೆ ಸಿಕ್ಕಿದ ಟ್ರೈನ್ ಹತ್ತಿದೆ, ದಾರಿ ಪೂರ್ತಿ ತಮ್ಮ ವಾಟ್ಸಾಪಲ್ಲಿ ಕಳಿಸಿದ ಸ್ಕ್ಯಾನ್ ಫೋಟೋ ನೋಡೋದು ಇಡೋದು, ನೋಡೋದು ಇಡೋದು. ಏನೂ ಅರ್ಥ ಆಗ್ಲಿಲ್ಲ, ಬಲಗಡೆ ಬುರುಡೆ ಒಳಗೆ ತದಿಗೆ ಚಂದ್ರನ ಥರ ಒಂದು ಕಪ್ಪು ಬಣ್ಣದ ಪಟ್ಟಿ ಇದೆ, ಮೆದುಳು ಎಡಕ್ಕೆ ವಾಲಿದೆ ಅನ್ನೋದು ಬಿಟ್ರೆ.

ಅಲ್ಲಿನ ನ್ಯೂರೋಸರ್ಜನ್ ಮೊದಲು ಕೇಳಿದ್ದೇ, "ಎರಡು ತಿಂಗಳ ಒಳಗೆ ಎಲ್ಲಾದ್ರೂ ಬಿದ್ದಿದ್ರಾ, ತಲೆ ತಾಗಿತ್ತಾ?" ಇಲ್ಲ ಇಲ್ಲ ಅಂತ ತಮ್ಮ ಹೇಳ್ತಿರೋವಾಗ ಅಮ್ಮ ಸೆರಗು ಬಾಯಿಗೆ ಇಟ್ಕೊಂಡು "ಗೋಪೂಜೆ ದಿನ" ಅಂದ್ರಂತೆ.

ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ ಅಂತ ಹೆಸರು. ಡಾಕ್ಟ್ರು ಒಂದು ಪ್ರಿಸ್ಕ್ರಿಪ್ಷನ್ ಹಾಳೆ ಹಿಂದೆ ಚಿತ್ರ ಬರೆದು ಹೇಳಿದ್ದನ್ನ ನಾನು ಅರ್ಥ ಮಾಡ್ಕೊಂಡಷ್ಟು ಹೇಳ್ತೀನಿ. ಬುರುಡೆ ಒಳಗೆ ಮೆದುಳಿಗೆ ದಪ್ಪ ಪೊರೆ ಒಂದಿದೆ, ಡ್ಯೂರಾ ಅಂತ. ಮೆದುಳಿನಿಂದ ಆ ಪೊರೆಗೆ ಸಣ್ಣ ಸಣ್ಣ ರಕ್ತನಾಳ ಸೇತುವೆ ಥರ ಹೋಗಿರುತ್ತೆ. ವಯಸ್ಸಾದಂಗೆ ಮೆದುಳು ಸ್ವಲ್ಪ ಕುಗ್ಗುತ್ತೆ, ಹಳೇ ಅಡಿಕೆ ಸಿಪ್ಪೆ ಒಳಗೇ ಒಣಗಿ ಅಲ್ಲಾಡೋ ಥರ, ಅಲ್ಲಾಡಿಸಿದ್ರೆ ಗಡಗಡ ಅನ್ನುತ್ತಲ್ಲ ಹಂಗೆ. ಆಗ ಆ ನಾಳಗಳು ಎಳ್ಕೊಂಡು ಬಿಗಿಯಾಗಿರುತ್ತೆ, ಒಂದು ಸಣ್ಣ ಪೆಟ್ಟಿಗೂ ಹರಿಯಬಹುದು. ರಕ್ತ ನಿಧಾನಕ್ಕೆ ಒಸರುತ್ತೆ, ಜಾಗ ಇರೋದ್ರಿಂದ ಮೊದಲು ಏನೂ ಗೊತ್ತಾಗಲ್ಲ. ಆಮೇಲೆ ದೇಹ ಆ ರಕ್ತದ ಸುತ್ತ ಒಂದು ಪೊರೆ ಕಟ್ಟುತ್ತೆ, ಆ ಪೊರೇಲಿ ಹೊಸ ಸಣ್ಣ ನಾಳಗಳು ಹುಟ್ಟುತ್ತೆ, ಅವು ಗಟ್ಟಿ ಇರಲ್ಲ, ಅವೂ ಸೋರುತ್ತೆ. ಅಂದ್ರೆ ಗಾಯ ವಾಸಿ ಮಾಡಕ್ಕೆ ಹೋಗಿ ದೇಹವೇ ಸೋರಿಕೆ ಹೆಚ್ಚು ಮಾಡ್ಕೊಳುತ್ತೆ. ಹಂಗಾಗಿ ಪೆಟ್ಟು ಬಿದ್ದು ಮೂರು ವಾರ, ಆರು ವಾರ ಆದ್ಮೇಲೆ ತೊಂದ್ರೆ ಕಾಣೋದು, ಅಷ್ಟೊತ್ತಿಗೆ ಪೆಟ್ಟು ಬಿದ್ದಿದ್ದೇ ಯಾರಿಗೂ ನೆನಪಿರಲ್ಲ. ಹೊಸ ರಕ್ತ ಸಿಟಿ ಸ್ಕ್ಯಾನಲ್ಲಿ ಬೆಳ್ಳಗೆ ಕಾಣುತ್ತೆ, ಹಳೇದಾದಂಗೆ ಕಪ್ಪಾಗುತ್ತೆ, ನಮ್ಮ ಚಂದ್ರ ಕಪ್ಪಗಿದ್ದ. ದಪ್ಪ 22 ಮಿಲಿಮೀಟರ್, ಮೆದುಳಿನ ನಡುಗೆರೆ 9 ಮಿಲಿಮೀಟರ್ ಪಕ್ಕಕ್ಕೆ. ಬಲಗಡೆ ಒತ್ತಿದ್ರೆ ಎಡಗೈ ಎಡಗಾಲು ಸೋಲುತ್ತೆ, ಚಪ್ಪಲಿ ಲೆಕ್ಕ ಅಲ್ಲಿ ಸಿಕ್ತು.

ಆಮೇಲೆ ಓದಿದಾಗ ಗೊತ್ತಾಯ್ತು, ಈ ಸಿಟಿ ಸ್ಕ್ಯಾನ್ ಮೊದಲ ಸಲ ರೋಗಿಯೊಬ್ಬರ ತಲೆ ನೋಡಿದ್ದು 1971ರ ಅಕ್ಟೋಬರ್ 1ಕ್ಕೆ, ಲಂಡನ್ನಿನ ವಿಂಬಲ್ಡನ್ ಕಡೆ ಒಂದು ಆಸ್ಪತ್ರೇಲಿ. ಆ ಯಂತ್ರ ಮಾಡಿದ ಇಂಗ್ಲೆಂಡಿನ ಇಂಜಿನಿಯರ್ ಹೌನ್ಸ್‌ಫೀಲ್ಡಿಗೆ 1979ರಲ್ಲಿ ನೊಬೆಲ್ ಬಂತು. ಅಂದ್ರೆ ಅಪ್ಪಯ್ಯ ಹುಡುಗ ಆಗಿದ್ದಾಗ ಇವ್ರ ವಯಸ್ಸಿನೋರಿಗೆ ಇದಾಗಿದ್ರೆ ಒಳಗೇನಿದೆ ಅಂತ ಇಷ್ಟು ಸಲೀಸಾಗಿ ನೋಡೋಕೆ ದಾರೀನೇ ಇರ್ಲಿಲ್ಲ. ನಮ್ಮೂರಲ್ಲಿ ಎಷ್ಟು ಅಜ್ಜಂದಿರು "ಅರಳುಮರಳು" ಅಂತ ಅನ್ನಿಸ್ಕೊಂಡು ಜಗಲಿ ಮೂಲೇಲಿ ಹಂಗೇ ಹೋಗಿರ್ಬಹುದು, ಯೋಚ್ನೆ ಮಾಡಿ.

ಆಪರೇಷನ್ ಅಂದ ಕೂಡ್ಲೇ ಅಮ್ಮ ಕುಸಿದು ಕೂತ್ರು. ಮೆದುಳಿನ ಆಪರೇಷನ್ ಅಂದ್ರೆ ನಿಮ್ಹಾನ್ಸ್ ಅಂತಲೇ ನಮ್ಮ ಕಡೆ ಲೆಕ್ಕ, ದೊಡ್ಡಪ್ಪ ಫೋನ್ ಮಾಡಿ "ಇಲ್ಲೆಲ್ಲ ತಲೆ ಓಪನ್ ಮಾಡ್ಸ್ಬೇಡ, ಬೆಂಗಳೂರಿಗೆ ಹೊರಡಿ" ಅಂತ ಒಂದೇ ಹಠ. ದೊಡ್ಡಪ್ಪನ್ನ ತಪ್ಪು ಅನ್ನಕ್ಕಾಗಲ್ಲ, 1974ರಲ್ಲಿ ಮೆಂಟಲ್ ಆಸ್ಪತ್ರೆ ಮತ್ತೆ ಅದರ ಪಕ್ಕದ ಇನ್ಸ್ಟಿಟ್ಯೂಟ್ ಸೇರಿಸಿ ನಿಮ್ಹಾನ್ಸ್ ಮಾಡಿದಾಗ ಅದರ ಮೊದಲನೇ ಡೈರೆಕ್ಟರ್ ಆಗಿದ್ದ ಡಾ. ಆರ್. ಎಂ. ವರ್ಮ ಅವ್ರೇ ನ್ಯೂರೋಸರ್ಜನ್, ಆ ಹೆಸರು ಸುಮ್ನೆ ಬಂದಿದ್ದಲ್ಲ. ಆದ್ರೆ ಡಾಕ್ಟ್ರು ಹೇಳಿದ್ದು, "ಆರು ಗಂಟೆ ಆಂಬುಲೆನ್ಸಲ್ಲಿ ಹೋಗೋ ಅಂಥ ಕೆಲಸ ಅಲ್ಲ ಇದು. ನಾನು ಮೆದುಳು ಮುಟ್ಟೋದೇ ಇಲ್ಲ, ಅದರ ಮೇಲೆ ನಿಂತಿರೋದನ್ನ ಹೊರಗೆ ಬಿಡ್ತೀನಿ." ಒಪ್ಕೊಂಡ್ವಿ. ಇಕೋಸ್ಪ್ರಿನ್ ನಿಲ್ಲಿಸಿದ್ರು, ಪ್ಲೇಟ್ಲೆಟ್ ರೆಡಿ ಇಟ್ಕೊಳಕ್ಕೆ ಹೇಳಿದ್ರು, ತಮ್ಮನ ಫ್ರೆಂಡ್ಸು ಬ್ಲಡ್ ಬ್ಯಾಂಕಿಗೆ ಓಡಿದ್ರು.

ತಲೆ ಬೋಳಿಸಕ್ಕೆ ಬಂದಾಗ ಮಾತ್ರ ಅಮ್ಮ ಅತ್ತಿದ್ದು. ಸಹಿ ಹಾಕ್ಸ್ಕೊಂಡಾಗ ಅಳ್ಲಿಲ್ಲ, ಆ ಫಾರಮ್ಮಲ್ಲಿ ಪ್ರಾಣ ಹೋಗಬಹುದು ಅಂತ ಬರೆದಿದ್ದನ್ನ ನಾನು ಓದಿ ಹೇಳಿದಾಗ್ಲೂ ಅಳ್ಲಿಲ್ಲ, ಕೂದಲು ನೆಲಕ್ಕೆ ಬಿದ್ದಾಗ ಅತ್ರು. ಅಪ್ಪಯ್ಯಂಗೆ ಅರ್ಧ ನಿದ್ದೆ, ಆದ್ರೂ ಕಣ್ಣು ಬಿಟ್ಟು "ತಿರುಪತಿಗೆ ಹೋಗೋ ಖರ್ಚು ಉಳೀತು ಬಿಡೇ" ಅಂದ್ರು.

ಪೂರ್ತಿ ಅನಸ್ತೇಶಿಯಾ ಕೊಡ್ಲಿಲ್ಲ. ಹಾರ್ಟ್ ತೊಂದ್ರೆ ಇರೋದ್ರಿಂದ ಜಾಗಕ್ಕೆ ಮರಗಟ್ಟೋ ಇಂಜೆಕ್ಷನ್, ಜೊತೆಗೆ ಸ್ವಲ್ಪ ಮಂಪರು. ಬಲಗಡೆ ಮುಂದೊಂದು ಹಿಂದೊಂದು, ಎರಡು ತೂತು, ಬರ್ ಹೋಲ್ ಅಂತಾರೆ. ಬುರುಡೆ ಕೊರೆಯೋ ಡ್ರಿಲ್ಲಲ್ಲಿ ಒಂದು ವ್ಯವಸ್ಥೆ ಇರುತ್ತಂತೆ, ಮೂಳೆಯ ಒಳಗಿನ ಪದರ ದಾಟಿದ ಕ್ಷಣ ಎದುರಿಗೆ ಒತ್ತಡ ಇಲ್ದೆ ಅದು ತಾನೇ ನಿಂತುಬಿಡುತ್ತೆ, ಮುಂದಕ್ಕೆ ನುಗ್ಗಲ್ಲ. ಆಮೇಲೆ ಡ್ಯೂರಾ ಸೀಳಿ, ರಕ್ತ ಹೊರಗೆ ಬಿಟ್ಟು, ಸಲೈನ್ ನೀರಲ್ಲಿ ತಿಳಿ ಬರೋವರೆಗೂ ತೊಳೆದು, ಒಂದು ಮೆತ್ತಗಿನ ಪೈಪ್ ಒಳಗೆ ಬಿಟ್ಟು ಹೊಲಿದುಬಿಡೋದು. ಮುಕ್ಕಾಲು ಗಂಟೇಲಿ ಮುಗೀತು. ಹೊರಗೆ ಬಂದ ಡಾಕ್ಟ್ರು "ಇಂಜಿನ್ ಆಯಿಲ್ ಥರ ಇತ್ತು, ಪ್ರೆಶರಲ್ಲಿ ಚಿಮ್ತು" ಅಂದ್ರು.

ಐಸಿಯುಗೆ ಐದು ನಿಮಿಷ ಬಿಟ್ಟಾಗ ನಾನು ನೋಡಿದ್ದು ಅಪ್ಪಯ್ಯನ ಮುಖ ಅಲ್ಲ, ಮಂಚದ ಪಕ್ಕ ತಗ್ಗಲ್ಲಿ ನೇತಾಡ್ತಿದ್ದ ಚೀಲ. ಅದರೊಳಗೆ ಇದ್ದಿದ್ದು ಇಂಜಿನ್ ಆಯಿಲ್ ಥರ ಅಲ್ಲ, ಅಡಿಕೆ ಬೇಯ್ಸಿದ ಚೊಗರಿನ ಥರ. ಅದೇ ಕಂದುಗೆಂಪು, ಅದೇ ಮಂದ, ಚೀಲದ ಗೋಡೆಗೆ ಅಂಟಿ ನಿಧಾನಕ್ಕೆ ಇಳಿಯೋದೂ ಅದೇ ಥರ. ಮನೇಲಿ ಹಂಡೆ ತುಂಬಾ ಅದೇ ಬಣ್ಣ ಕುದೀತಿರೋ ಟೈಮಲ್ಲಿ ಇಲ್ಲಿ ಇದು. "ಎಡಗೈ ಎತ್ತಿ ಯಜಮಾನ್ರೇ" ಅಂದ್ರು ನರ್ಸು. ಎತ್ತಿದ್ರು. ಹಿಂದಿನ ದಿನ ಲೋಟ ಹಿಡಿಯಕ್ಕಾಗದ ಕೈ ಸಲೀಸಾಗಿ ಮೇಲೆ ಹೋಯ್ತು. ನನ್ನ ಕಡೆ ತಿರುಗಿ, "ಬೋರ್‌ವೆಲ್ ಲಾರಿ ತಂದು ಕೊರೆದಂಗಾಯ್ತು ಮಗಾ, ಎಷ್ಟು ಅಡಿಗೆ ನೀರು ಬಿತ್ತಂತೆ?"

ಆ ಪೈಪ್ ಎರಡು ದಿನ ಇಟ್ಟಿದ್ರು, ಅಷ್ಟೂ ಹೊತ್ತು ದಿಂಬಿಲ್ದೆ ಮಟ್ಟಸ ಮಲಗಿರ್ಬೇಕು. ಅಮ್ಮ ಕಾಫಿ ಕುಡಿಸಕ್ಕೆ ಎಬ್ಬಿಸಿ ಕೂರಿಸಿ ನರ್ಸ್ ಹತ್ರ ಬೈಸ್ಕೊಂಡ್ರು. ನಂಗೆ ಈ ಪೈಪಿನ ಬಗ್ಗೆ ಕುತೂಹಲ ಆಗಿ ಹುಡುಕಿದ್ರೆ, ಕೇಂಬ್ರಿಡ್ಜಿನವ್ರು ಇದನ್ನೇ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟ ಮಾಡಿದಾರೆ: ಪೈಪ್ ಇಡದೇ ಇದ್ದೋರಲ್ಲಿ ಶೇಕಡಾ 24 ಜನಕ್ಕೆ ಮತ್ತೆ ರಕ್ತ ತುಂಬಿ ಎರಡನೇ ಆಪರೇಷನ್ ಬೇಕಾಯ್ತು, ಇಟ್ಟೋರಲ್ಲಿ 9.3. ಒಂದು ಪುಟಗೋಸಿ ಪ್ಲಾಸ್ಟಿಕ್ ಪೈಪು! ಇನ್ನು ಮಾತ್ರೆಯಲ್ಲೇ ಕರಗಿಸಕ್ಕಾಗಲ್ವಾ ಅಂತ ದೊಡ್ಡಪ್ಪ ಕೇಳಿದ್ರಲ್ಲ, ಸ್ಟೀರಾಯ್ಡ್ ಕೊಟ್ಟು ನೋಡಿದ ದೊಡ್ಡ ಟ್ರಯಲ್ ರಿಸಲ್ಟ್ 2020ರಲ್ಲಿ ಬಂತು, ಮತ್ತೆ ಆಪರೇಷನ್ ಮಾಡೋದು ಕಮ್ಮಿ ಆದ್ರೂ ಆರು ತಿಂಗಳಿಗೆ ನೋಡಿದ್ರೆ ಸ್ಟೀರಾಯ್ಡ್ ತಗೊಂಡೋರು ಒಟ್ಟಾರೆ ತಗೊಳ್ದೇ ಇದ್ದೋರಷ್ಟು ಚೆನ್ನಾಗಿರ್ಲಿಲ್ಲ. ಈಗ ಹೊಸದಾಗಿ, ಕೈ ಅಥವಾ ತೊಡೆ ಸಂದಿಯ ನಾಳದಿಂದ ಸಣ್ಣ ಟ್ಯೂಬ್ ಏರಿಸಿ ಆ ಸೋರೋ ಪೊರೆಗೆ ರಕ್ತ ಕೊಡೋ ನಾಳವನ್ನೇ ಬಂದ್ ಮಾಡ್ತಾರೆ. 2024ರಲ್ಲಿ ಬಂದ ಒಂದು ಟ್ರಯಲ್ಲಲ್ಲಿ ಆಪರೇಷನ್ ಜೊತೆ ಇದನ್ನೂ ಮಾಡಿದೋರಿಗೆ ಮೂರು ತಿಂಗಳೊಳಗೆ ಮತ್ತೆ ಆಪರೇಷನ್ ಬೇಕಾಗಿದ್ದು ಶೇಕಡಾ 4.1, ಬರೀ ಆಪರೇಷನ್ ಆದೋರಿಗೆ 11.3. ನಮ್ಗೆ ಅದು ಬೇಕಾಗ್ಲಿಲ್ಲ, ಮತ್ತೆ ತುಂಬಿದ್ರೆ ನೋಡೋಣ ಅಂದಿದಾರೆ.

ವಾರ್ಡಿಗೆ ಬಂದ್ಮೇಲೆ ಪಕ್ಕದ ಬೆಡ್ಡಲ್ಲಿ ಒಬ್ಬ ಟಿಪ್ಪರ್ ಡ್ರೈವರ್, ಸೊಂಟದ ಹತ್ರ ಬೆನ್ನುಮೂಳೆಯ ಎಲ್4-ಎಲ್5 ಮಧ್ಯದ ಡಿಸ್ಕ್ ಜಾರಿ ಕಾಲಿಗೆ ಕರೆಂಟ್ ಹೊಡೆದಂಗೆ ನೋವು, ಮೂರು ತಿಂಗಳು ಎಣ್ಣೆ, ಮಸಾಜು, ಬೆಲ್ಟು ಎಲ್ಲ ಆಗಿ ಬಂದಿದ್ದ. ಅವನ ಹೆಂಡ್ತಿಗೆ ಒಂದೇ ಭಯ, ಬೆನ್ನು ಕೊಯ್ದ್ರೆ ಎರಡೂ ಕಾಲು ಹೋಗುತ್ತೆ ಅಂತ. ಆ ಭಯ ನಮ್ಮ ಕಡೆ ಎಲ್ರಿಗೂ ಇದೆ ಅಲ್ವಾ? ಡಾಕ್ಟ್ರು ರೌಂಡ್ಸಿಗೆ ಬಂದಾಗ ಅವ್ಳಿಗೆ ಹೇಳಿದ್ದು ನಂಗೆ ತುಂಬಾ ಇಷ್ಟ ಆಯ್ತು: ಬೆನ್ನುಹುರಿ ದೊಡ್ಡೋರಲ್ಲಿ ಎಲ್1-ಎಲ್2 ಹತ್ರಾನೇ, ಅಂದ್ರೆ ಇವನ ಡಿಸ್ಕಿಗಿಂತ ಮೇಲೇನೇ, ಮುಗಿದುಹೋಗುತ್ತೆ, ಅದರ ಕೆಳಗೆ ಇರೋದು ಕುದುರೆ ಬಾಲದ ಥರ ಬಿಡಿ ಬಿಡಿ ನರಗಳು, ನಾವು ಕೆಲಸ ಮಾಡೋದು ಆ ಬಾಲದ ಜಾಗದಲ್ಲಿ. ಹಂಗಂತ ಆ ನರಗಳಿಗೆ ಏನೂ ಆಗೋದೇ ಇಲ್ಲ ಅಂತ ಅವ್ರು ಹೇಳ್ಲಿಲ್ಲ. ಇನ್ನೊಂದು ಮಾತೂ ಹೇಳಿದ್ರು, ನೋವಿಗೆ ಕಾಯಬಹುದು, ಆದ್ರೆ ಉಚ್ಚೆ ಕಟ್ಕೊಂಡ್ರೆ, ಕೂರೋ ಜಾಗ ಮರಗಟ್ಟಿದ್ರೆ ಒಂದು ರಾತ್ರಿನೂ ಕಾಯ್ಬಾರ್ದು. ಅವನಿಗೆ ಮಾರನೇ ದಿನ ಆಪರೇಷನ್ ಆಯ್ತು, ಅದರ ಮಾರನೇ ದಿನ ಬಾತ್ರೂಮಿಗೆ ತಾನೇ ನಡ್ಕೊಂಡು ಹೋದ. ಹೋಗ್ತಾ ಅಪ್ಪಯ್ಯನ ಬೋಳು ತಲೆ ನೋಡಿ ಕೈ ಮುಗಿದ, ಯಾವುದೋ ಸ್ವಾಮೀಜಿ ಅಂದ್ಕೊಂಡಿದ್ನಂತೆ.

ಡಿಸ್ಚಾರ್ಜ್ ದಿನ ಇನ್ಶೂರೆನ್ಸ್ ಅಪ್ರೂವಲ್ಲಿಗೆ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೂತಿದ್ದು ಬಿಡಿ, ಅದು ಬರೆದ್ರೆ ಮೆದುಳಿನ ಆಪರೇಷನ್ನಿಗಿಂತ ಉದ್ದ ಆಗುತ್ತೆ.

ಮನೆಗೆ ಬಂದು ಮೂರನೇ ದಿನಕ್ಕೆ ಅಪ್ಪಯ್ಯ ಲೆಕ್ಕದ ಪುಸ್ತಕ ತರ್ಸಿ, ಸುಲಿದೋರಲ್ಲಿ ಯಾರ್ಯಾರಿಗೆ ಎರಡು ಸಲ ದುಡ್ಡು ಹೋಗಿದೆ ಅಂತ ಪೆನ್ಸಿಲ್ಲಲ್ಲಿ ಗೆರೆ ಎಳೆದಿದಾರೆ. ಆರು ವಾರದ ಸ್ಕ್ಯಾನಲ್ಲಿ ಮೆದುಳು ಮುಕ್ಕಾಲು ವಾಸಿ ತನ್ನ ಜಾಗಕ್ಕೆ ಬಂದಿತ್ತು, ಇಕೋಸ್ಪ್ರಿನ್ ಯಾವಾಗ ಮತ್ತೆ ಶುರು ಮಾಡೋದು ಅಂತ ಹಾರ್ಟ್ ಡಾಕ್ಟ್ರು ತಲೆ ಡಾಕ್ಟ್ರು ಇಬ್ರೂ ಫೋನಲ್ಲಿ ಮಾತಾಡ್ಕೊಂಡು ಹೇಳಿದ್ರು. ತಮ್ಮ ಕೊಟ್ಟಿಗೆ ದಾರಂದ ತೆಗೆಸಿ ಎತ್ತರ ಮಾಡ್ತೀನಿ ಅಂದ, ಅಜ್ಜ ಹಾಕ್ಸಿದ್ದು ಮುಟ್ಬೇಡ ಅಂತ ಇವ್ರು ಬಿಡ್ಲಿಲ್ಲ, ಕೊನೆಗೆ ಸೈಕಲ್ಲಿನ ಹಳೇ ಟ್ಯೂಬ್ ಕತ್ತರಿಸಿ ದಾರಂದಕ್ಕೆ ಸುತ್ತಿ ಕಟ್ಟಿದಾನೆ.

ನಾನು ದಿನಾ ರಾತ್ರಿ ಫೋನ್ ಮಾಡಿ ಕೇಳೋದು ಒಂದೇ ಪ್ರಶ್ನೆ, "ಅಪ್ಪಯ್ಯ, ತೋಟದಿಂದ ಬರೋವಾಗ ಚಪ್ಪಲಿ ಎರಡೂ ಇತ್ತಾ?" ಮೊನ್ನೆ ಸ್ವಲ್ಪ ಹೊತ್ತು ಸುಮ್ನಿದ್ದು, "ಒಂದೇ ಇತ್ತು ಮಗಾ" ಅಂದ್ರು. ನಂಗೆ ಕೈಕಾಲೆಲ್ಲ ತಣ್ಣಗಾಗಿ, ಯಾವ ಕಾಲಿಂದು, ಎಡಗಾಲಿಂದಾ, ಕೈ ಎತ್ತಿ ನೋಡಿ ಅಂತ ಕೂಗಾಡ್ತಿದ್ರೆ ಆ ಕಡೆ ಅಮ್ಮ ನಗೋದು ಕೇಳ್ತು. ಬಲಗಾಲಿಂದಂತೆ, ಪಕ್ಕದ ಮನೆ ನಾಯಿಮರಿ ಕಚ್ಕೊಂಡು ಹೋಗಿದ್ದಂತೆ.