ನಾಲೆಯ ಕೊನೆಯಿಂದ ಹಿನ್ನೀರಿಗೆ

ಕಾಡಂಚಿನ ವಸತಿಗೃಹಗಳ ದರಪಟ್ಟಿಯಲ್ಲಿ ಒಂಟಿ ಮನುಷ್ಯರಿಗೆ ಜಾಗವಿಲ್ಲ. ಎಲ್ಲವೂ ಇಬ್ಬರು ಒಂದು ಕೋಣೆ ಹಂಚಿಕೊಳ್ಳುತ್ತಾರೆ ಎಂಬ ಲೆಕ್ಕದಲ್ಲೇ ಇರುತ್ತದೆ. ಒಬ್ಬರೇ ಹೋದರೆ, ಬಾರದ ಇನ್ನೊಬ್ಬರ ದುಡ್ಡಿನಲ್ಲೂ ದೊಡ್ಡ ಪಾಲನ್ನು ನಾವೇ ಕಟ್ಟಬೇಕು. ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರಿನ ದಂಡೆಗೆ ಕೋಣೆ ಕಾದಿರಿಸಲು ಫೋನ್ ಮಾಡಿದಾಗ ನಾನು ಒಂದಿಷ್ಟು ಚೌಕಾಸಿ ಮಾಡಿದೆ. "ನಾನು ಎರಡು ಊಟ ಮಾಡುವುದಿಲ್ಲ, ಜೀಪಿನಲ್ಲಿ ಎರಡು ಸೀಟು ಹಿಡಿಯುವುದೂ ಇಲ್ಲ" ಎಂದೆ. ಆ ಕಡೆಯವರು ಮನಸಾರೆ ನಕ್ಕರು. ದರ ಮಾತ್ರ ಇಳಿಸಲಿಲ್ಲ.

ಮನೆಯಿಂದ ಜೊತೆಗೆ ಯಾರೂ ಬರುವಂತಿರಲಿಲ್ಲ. ನಮ್ಮದು ಮಲೇಬೆನ್ನೂರಿನಿಂದ ಆಚೆ, ಭದ್ರಾ ನಾಲೆಯ ಕೊನೆಯ ಭಾಗದ ಊರು. ಏಪ್ರಿಲ್ ಎಂದರೆ ಬೇಸಿಗೆ ಭತ್ತದ ತೆನೆ ಹಾಲು ತುಂಬುವ ಹೊತ್ತು. ಈಗ ಒಂದು ನೀರು ತಪ್ಪಿದರೆ ಕಾಳೆಲ್ಲ ಜೊಳ್ಳು. ರಾತ್ರಿ ಟಾರ್ಚ್ ಹಿಡಿದು ತೂಬು ಕಾಯುವ ಯಜಮಾನರನ್ನು "ಜಿಂಕೆ ನೋಡಲು ಬನ್ನಿ" ಎಂದು ಕರೆಯುವುದು ನನಗೇ ಸರಿ ಕಾಣಲಿಲ್ಲ. ಪ್ರೌಢಶಾಲೆಯ ಶಿಕ್ಷಕಿಯಾದ ನನಗೆ ಸಿಗುವುದು ಇದೊಂದು ದೊಡ್ಡ ರಜೆ. ಅದೂ ಮದುವೆ, ಗೃಹಪ್ರವೇಶ, ಹಪ್ಪಳ, ಸಂಡಿಗೆ ಎಂದು ಪ್ರತಿ ವರ್ಷ ಕರಗಿಹೋಗುತ್ತದೆ. ಈ ಸಲ ಬಿಡಬಾರದು ಎಂದು ಹೊರಟೆ. "ಅಲ್ಲಿ ಯಾವುದಾದರೂ ದೇವಸ್ಥಾನವಾದರೂ ಇದೆಯೇ?" ಎಂದು ಅತ್ತೆ ಕೇಳಿದರು. ನೋಡಲು ಹೋಗುತ್ತಿರುವುದು ಕಾಡನ್ನು ಎಂದೆ. ದೇವಸ್ಥಾನದ ಹೆಸರು ಹೇಳಿದ್ದರೆ ಒಪ್ಪಿಗೆ ಇನ್ನೂ ಬೇಗ ಸಿಗುತ್ತಿತ್ತು.

ಭದ್ರಾವತಿಯವರೆಗೆ ಒಂದು ಬಸ್, ಅಲ್ಲಿಂದ ಲಕ್ಕವಳ್ಳಿಗೆ ಇನ್ನೊಂದು. ದಾರಿಯಲ್ಲಿ ಅಲ್ಲಲ್ಲಿ ನಾಲೆ ಕಾಣುತ್ತಿತ್ತು. ಮೇಲಕ್ಕೆ ಹೋದಷ್ಟೂ ಗದ್ದೆಗಳು ಹೆಚ್ಚು ಹಸಿರು, ಅಡಿಕೆ ತೋಟಗಳು ಹೆಚ್ಚು ದಟ್ಟ. ಕೊನೆಯ ಭಾಗದವರಿಗೆ ಅದನ್ನು ನೋಡುವಾಗ ಹೊಟ್ಟೆಯಲ್ಲಿ ಸ್ವಲ್ಪ ಉರಿಯುತ್ತದೆ, ಮುಚ್ಚಿಡುವುದೇಕೆ.

ಮಧ್ಯಾಹ್ನದ ಚಹಾ ಮುಗಿಸಿ ಜೀಪು ಹತ್ತುವಾಗ ಕುಟುಂಬದವರೆಲ್ಲ ಒಟ್ಟಿಗೆ ಕೂರಬೇಕೆಂದು, ಕ್ಯಾಮೆರಾದವರಿಗೆ ಅಂಚಿನ ಸೀಟು ಬೇಕೆಂದು, ಹೊಸದಾಗಿ ಮದುವೆಯಾದವರು ಬೇರೆಯಾಗಬಾರದೆಂದು ಹಂಚಿಕೆ ನಡೆದು, ಉಳಿದ ಹಿಂದಿನ ಮೂಲೆ ನನಗೆ ಬಂತು. ಧೂಳು ಮೊದಲು ಬರುವುದು ಅಲ್ಲಿಗೇ. ಆದರೆ ಆ ಸೀಟಿಗೆ ಒಂದು ಗುಣವಿದೆ. ಮುಂದಿನವರು ಜೀಪು ಹೋಗುವ ಕಡೆ ನೋಡುತ್ತಾರೆ, ಪ್ರಾಣಿಗಳು ಜೀಪಿನ ಸದ್ದಿಗೆ ಪೊದೆ ಸೇರುತ್ತವೆ. ಜೀಪು ದಾಟಿದ ಅರ್ಧ ನಿಮಿಷಕ್ಕೆ ಅವೇ ಪ್ರಾಣಿಗಳು ಮತ್ತೆ ದಾರಿಗೆ ಬರುತ್ತವೆ. ಹೀಗೆ ಒಂದು ಕಾಡುಕುರಿ ಲಂಟಾನದ ಮರೆಯಿಂದ ಹೊರಬಂದು, ನಮ್ಮ ಚಕ್ರದ ಗುರುತನ್ನು ಮೂಸಿ, ಮುಂಗಾಲನ್ನು ಎತ್ತಿ ಎತ್ತಿ ಇಟ್ಟು ದಾರಿ ದಾಟಿದ್ದನ್ನು ಕಂಡವಳು ನಾನೊಬ್ಬಳೇ. ಯಾರನ್ನೂ ತಟ್ಟಿ ಕರೆಯಬೇಕೆನ್ನಿಸಲಿಲ್ಲ. ಜೊತೆಯಲ್ಲಿ ಯಾರಾದರೂ ಇದ್ದಿದ್ದರೆ "ನೋಡು, ನೋಡು" ಎಂದು ಅರ್ಧ ನೋಟವನ್ನು ಅವರಿಗೆ ತೋರಿಸುವುದರಲ್ಲೇ ಕಳೆಯುತ್ತಿದ್ದೆ.

ಏಪ್ರಿಲ್‌ನ ಭದ್ರಾ ಕಾಡು ಚಿತ್ರಗಳಲ್ಲಿ ಕಾಣುವಷ್ಟು ಹಸಿರಲ್ಲ. ತೇಗ ಎಲೆಯುದುರಿಸಿ ನಿಂತಿತ್ತು, ಮತ್ತಿ ಮರದ ತೊಗಟೆಯ ಬಿರುಕುಗಳು ಬಿಸಿಲಿಗೆ ಇನ್ನಷ್ಟು ಆಳವಾಗಿ ಕಾಣುತ್ತಿದ್ದವು, ನಡುನಡುವೆ ಕಕ್ಕೆಯ ಹಳದಿ. ಒಂದು ತಿರುವಿನಲ್ಲಿ ಮರಗಳು ಹಿಂದೆ ಸರಿದು ಅಗಲವಾದ ಹುಲ್ಲಿನ ಬಯಲು ತೆರೆದುಕೊಂಡಿತು. ಅದರ ತುಂಬ ಕಾಟಿಗಳು. ಗೂಳಿಯೊಂದು ತಲೆಯೆತ್ತಿ ನಮ್ಮನ್ನು ಒಮ್ಮೆ ನೋಡಿ, ಲೆಕ್ಕಕ್ಕಿಲ್ಲ ಎಂದು ತೀರ್ಮಾನಿಸಿ ಮತ್ತೆ ಮೇಯತೊಡಗಿತು. ಬಯಲಿನಲ್ಲಿ ಸಣ್ಣ ಸಣ್ಣ ಮೆಟ್ಟಿಲುಗಳಿದ್ದವು. ಹುಲ್ಲು ಮುಚ್ಚಿದ್ದರೂ ನನ್ನ ಕಣ್ಣಿಗೆ ಅದು ತಪ್ಪಲಿಲ್ಲ. "ಇದು ಗದ್ದೆಯಲ್ಲವೇ? ಅದು ಬದು" ಎಂದೆ. ಮಾರ್ಗದರ್ಶಿ ಹುಡುಗ ಹಿಂದಿರುಗಿ ಮೊದಲ ಬಾರಿಗೆ ನನ್ನನ್ನು ಸರಿಯಾಗಿ ನೋಡಿದ.

ಅಲ್ಲಿಂದಾಚೆಗೆ ಅವನ ಮಾತು ಬಹುಪಾಲು ಹಿಂದಿನ ಸೀಟಿಗೇ ಬಂತು. ಭದ್ರಾ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಅದಾಗಿ ಕೆಲವು ವರ್ಷಗಳಲ್ಲಿ ಅಭಯಾರಣ್ಯದ ಒಳಗಿದ್ದ ಊರುಗಳು ಹೊರಬಂದವು. ಎಷ್ಟೋ ಮನೆಗಳಿಗೆ ತರೀಕೆರೆ ಕಡೆಯ ಎಂ.ಸಿ. ಹಳ್ಳಿಯಲ್ಲಿ ನೀರಾವರಿ ಜಮೀನು ಸಿಕ್ಕಿತು. ಅವನ ಮನೆಯವರೂ ಹಾಗೆ ಹೋದವರು. ಕಾಡಾನೆ ಗದ್ದೆ ತುಳಿಯುತ್ತಿತ್ತು, ಹೆರಿಗೆ ಎಂದರೆ ಮಳೆಗಾಲದಲ್ಲಿ ಡೋಲಿಯಲ್ಲಿ ಹೊರಬೇಕಿತ್ತು, ಶಾಲೆ ದೂರ. ಹೊರಬಂದದ್ದು ಒಳ್ಳೆಯದಾಯಿತು ಎಂದೇ ಅವನು ಹೇಳಿದ. "ಆದರೆ ಅಜ್ಜ ಈ ಕಡೆ ಮತ್ತೆ ಬರಲೇ ಇಲ್ಲ ಮೇಡಂ. ಒಂದು ಸಲ ಜೀಪಿನಲ್ಲಿ ಕರೆತರುತ್ತೇನೆ ಎಂದರೆ, ನನ್ನ ಗದ್ದೆ ನೋಡಲು ನಾನೇ ಟಿಕೆಟ್ ತೆಗೆದುಕೊಳ್ಳಬೇಕೇ ಎಂದರು." ಎಂಬತ್ತರ ದಶಕದ ಕೊನೆಯಲ್ಲಿ ದನಗಳಿಂದ ದೊಡ್ಡರೋಗ ತಗಲಿ ಇಲ್ಲಿಯ ಕಾಟಿಗಳು ಗುಂಪುಗುಂಪಾಗಿ ಸತ್ತಿದ್ದವು. ಈಗ ಅವು ಆ ಅಜ್ಜನ ಬದುವಿನ ಮೇಲೆ ಮಲಗಿ ಮೆಲುಕು ಹಾಕುತ್ತಿವೆ. ಆಗಿರುವುದು ಒಳ್ಳೆಯದೇ. ಒಳ್ಳೆಯದಕ್ಕೂ ಒಂದು ಬೆಲೆ ಇತ್ತು ಎಂಬುದನ್ನು ಜೀಪಿನಲ್ಲಿ ಯಾರಾದರೂ ಹೇಳುತ್ತಾರಲ್ಲ ಎಂದು ನನಗೆ ಸಮಾಧಾನವಾಯಿತು.

ಮುಂದಿನ ಸೀಟುಗಳಿಗೆ ಬೇಕಿದ್ದದ್ದು ಹುಲಿ. ಎಲ್ಲೋ ಜಿಂಕೆ ಕೂಗಿತು, ಮುಸಿಯ ಎಚ್ಚರಿಕೆಯ ಸದ್ದೂ ಬಂತು, ಜೀಪು ನಿಂತಿತು, ಎಲ್ಲರೂ ಉಸಿರು ಬಿಗಿಹಿಡಿದರು. ಏನೂ ಬರಲಿಲ್ಲ. ಭದ್ರಾದ ಪೊದೆ ದಟ್ಟ, ಇಲ್ಲಿ ಹುಲಿ ಸುಲಭಕ್ಕೆ ಕಾಣುವುದಿಲ್ಲ. ಹೊಸ ದಂಪತಿ ದಣಿದು ಮೊಬೈಲ್ ತೆಗೆದರು. ಅದರಲ್ಲಿ ಸಿಗ್ನಲ್ ಇರಲಿಲ್ಲ, ಹಾಗಾಗಿ ಪರಸ್ಪರ ಮಾತಾಡಿದರು.

ಬೆಳಿಗ್ಗೆಯದು ದೋಣಿಯ ಸಫಾರಿ. ನಾನು ಇಷ್ಟು ದೂರ ಬಂದದ್ದೇ ಇದಕ್ಕಾಗಿ.

ಭದ್ರಾ ಅಣೆಕಟ್ಟೆಯ ಗರಿಷ್ಠ ಮಟ್ಟ 186 ಅಡಿ ಎಂಬುದು ನಮ್ಮೂರಿನ ಮಕ್ಕಳಿಗೂ ಗೊತ್ತು. ಮಳೆಗಾಲದಲ್ಲಿ ಪತ್ರಿಕೆ ಬಂದ ಕೂಡಲೇ ನಾವು ಮೊದಲು ನೋಡುವುದು ಜಲಾಶಯದ ಮಟ್ಟದ ಪಟ್ಟಿ. ಡ್ಯಾಮ್ ತುಂಬಿದರೆ ಎರಡು ಬೆಳೆ, ಇಲ್ಲದಿದ್ದರೆ ಒಂದು. ಬೇಸಿಗೆ ಬೆಳೆಗೆ ಎಷ್ಟು ದಿನ ನೀರು, ಎಷ್ಟು ದಿನ ಬಂದ್ ಎಂದು ನೀರಾವರಿ ಸಲಹಾ ಸಮಿತಿಯ ಸಭೆ ತೀರ್ಮಾನಿಸುವವರೆಗೆ ಊರಿನಲ್ಲಿ ಬೇರೆ ಮಾತೇ ಇರುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ, ನಾಲೆಗೆ ಹರಿದುಬಂದ ನೀರು ತಾನಿದ್ದ ಜಾಗದಲ್ಲಿ ಏನನ್ನು ಬಿಟ್ಟು ಬಂದಿರುತ್ತದೆ ಎಂದು ನಾನು ಎಂದೂ ಯೋಚಿಸಿರಲಿಲ್ಲ.

ಅದು ಬಿಟ್ಟುಬರುವುದು ನಡುಗಡ್ಡೆಗಳನ್ನು. ಹಿಂದೆ ಗುಡ್ಡಗಳಾಗಿದ್ದು ಡ್ಯಾಮ್ ಕಟ್ಟಿದ ಮೇಲೆ ಮುಳುಗಿದ ದಿಬ್ಬಗಳು ಬೇಸಿಗೆಯಲ್ಲಿ ನೀರು ಇಳಿದಂತೆ ಒಂದೊಂದಾಗಿ ತಲೆಯೆತ್ತುತ್ತವೆ. ಮರವಿಲ್ಲ, ನೆರಳಿಲ್ಲ, ಬರೀ ಕಲ್ಲು ಮಣ್ಣು. ರಿವರ್ ಟರ್ನ್ ಹಕ್ಕಿಗಳಿಗೆ ಬೇಕಾದದ್ದು ಅದೇ. ಸುತ್ತ ನೀರಿರುವುದರಿಂದ ನರಿ, ನಾಯಿ, ಮುಂಗುಸಿಗಳ ಕಾಟವಿಲ್ಲ.

ದೋಣಿಯವರು ಎಂಜಿನ್ ನಿಲ್ಲಿಸಿದಾಗ ಮೊದಲು ಬಂದದ್ದು ಗದ್ದಲ. ನೂರಾರು ಹಕ್ಕಿಗಳು ಏಕಕಾಲಕ್ಕೆ ಜಗಳವಾಡುತ್ತಿದ್ದವು; ಅರ್ಧವಾರ್ಷಿಕ ಪರೀಕ್ಷೆ ಮುಗಿದ ದಿನದ ಎಂಟನೇ ತರಗತಿಯಂತೆ. ಕಪ್ಪು ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಬಾಲ. ದೋಣಿಗೆ ಹತ್ತಿರದ ಅಂಚಿನಲ್ಲಿ ಒಂದು ಹಕ್ಕಿ ಮಣ್ಣಿನ ಮೇಲೆ ಕುಳಿತಿತ್ತು. ಅದರ ಜೊತೆಗಾರ ಬೆಳ್ಳಗೆ ಹೊಳೆಯುವ ಸಣ್ಣ ಮೀನೊಂದನ್ನು ಕಚ್ಚಿಕೊಂಡು ಬಂದು ಪಕ್ಕದಲ್ಲಿ ಇಳಿಯಿತು. ತಕ್ಷಣ ಕೊಡಲಿಲ್ಲ. ಕತ್ತು ನೀಳ ಮಾಡಿ, ಆ ಕಡೆ ಎರಡು ಹೆಜ್ಜೆ, ಈ ಕಡೆ ಎರಡು ಹೆಜ್ಜೆ ನಡೆದು ಮೀನನ್ನು ಪ್ರದರ್ಶನಕ್ಕಿಟ್ಟಿತು. ಕುಳಿತ ಹಕ್ಕಿ ಬಾಯಿ ತೆರೆದು ಕೂಗಿ ಕೂಗಿ ಕೇಳಿತು. ಕೊನೆಗೆ ಮೀನು ಕೈಬದಲಾಯಿತು, ತಲೆ ಮುಂದಾಗಿ ಗಂಟಲಿಗೆ ಇಳಿಯಿತು. ನುಂಗಿದ ಹಕ್ಕಿ ಎದ್ದು ಮೈಕೊಡವಿದಾಗ ಕೆಳಗೆ ಎರಡು ಮೊಟ್ಟೆ ಕಂಡವು. ಗೂಡು ಎನ್ನುವಂಥದ್ದೇನೂ ಇರಲಿಲ್ಲ, ಅಂಗೈಯಷ್ಟು ತಗ್ಗು. ಮಣ್ಣಿನ ಬಣ್ಣದ ಮೊಟ್ಟೆಯ ಮೇಲೆ ಕಂದು ಚುಕ್ಕೆ. ಹಕ್ಕಿ ಮತ್ತೆ ಕೂರುವುದರೊಳಗೆ ಅವು ಎಲ್ಲಿದ್ದವು ಎಂದು ನಾನು ಎರಡು ಸಲ ಹುಡುಕಬೇಕಾಯಿತು. ಸ್ವಲ್ಪ ಆಚೆ ಒಂದು ಮರಿ ತಾಯಿಯ ನೆರಳಿನಲ್ಲಿ ಅಂಗುಲ ಅಂಗುಲ ಸರಿಯುತ್ತ ನಿಂತಿತ್ತು.

ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಜೀವಿಗಳ ಸಾಲಿನಲ್ಲಿ ಈ ಹಕ್ಕಿಯ ಹೆಸರೂ ಇದೆ. ನದಿಗಳ ಮರಳು ದಿಣ್ಣೆಗಳಲ್ಲಿ ಮೊಟ್ಟೆಯಿಡುವ ಹಕ್ಕಿಗೆ ಮರಳು ಎತ್ತುವವರ, ನಾಯಿಗಳ, ಹಠಾತ್ತನೆ ಏರುವ ನೀರಿನ ಕಾಟ. "ನೀರು ಬೇಗ ಇಳಿದರೆ ನಡುಗಡ್ಡೆ ದಂಡೆಗೆ ಸೇರಿಬಿಡುತ್ತದೆ, ನಾಯಿ ನಡೆದುಕೊಂಡೇ ಬರುತ್ತದೆ. ಇಳಿಯದಿದ್ದರೆ ಕೂರಲು ಜಾಗವೇ ಇಲ್ಲ. ಮುಂಗಾರು ಮೊದಲೇ ಹೊಡೆದರೆ ಮರಿ ಮುಳುಗುತ್ತದೆ" ಎಂದು ದೋಣಿಯವರು ಬೆರಳು ಮಡಚಿ ಹೇಳಿದರು. ನಮ್ಮೂರಿನ ಕಟ್ಟೆಯ ಮೇಲೆ ಭತ್ತದ ಬಗ್ಗೆ ಕೇಳುವ ಲೆಕ್ಕಾಚಾರವೂ ಹೆಚ್ಚು ಕಡಿಮೆ ಇದೇ. ನಾವು ಬೇಡುವ ನೀರೇ ಈ ಹಕ್ಕಿಗಳಿಗೆ ನೆಲ ಕೊಡುತ್ತಿದೆ ಎಂದು ತಿಳಿದಾಗ, ಕೊನೆಯ ಭಾಗದ ರೈತರ ಧರಣಿಯಲ್ಲಿ ಟರ್ನ್‌ಗಳಿಗೂ ಒಂದು ಬ್ಯಾನರ್ ಹಿಡಿಯುವ ಹಕ್ಕಿದೆ ಎನ್ನಿಸಿ ನಗು ಬಂತು.

ಅಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ಯಜಮಾನರು. ಹುಲಿ ಕಂಡಿತೇ, ಊಟ ಹೇಗಿದೆ ಎಂಬ ಪೀಠಿಕೆಯಿಲ್ಲ. "ಡ್ಯಾಮಿನ ಹತ್ತಿರವೇ ಇದ್ದೀಯಲ್ಲ, ನಾಲೆಗೆ ನೀರು ಬಿಟ್ಟರೇ ಕೇಳು" ಎಂದರು. ದೋಣಿಯವರನ್ನು ಕೇಳಿದೆ. ನಿನ್ನೆ ಸಂಜೆಯೇ ಬಿಟ್ಟಿದ್ದಾರೆ, ಮಟ್ಟ 150 ಅಡಿಯ ಆಸುಪಾಸಿನಲ್ಲಿದೆ ಎಂದರು. ಹೇಳಿದೆ. ಆ ಕಡೆ ಲೆಕ್ಕ ನಡೆಯಿತು: ಮೇಲಿನವರು ತುಂಬಿಕೊಂಡು, ಪಂಪ್‌ಸೆಟ್‌ನವರು ಎತ್ತಿಕೊಂಡು, ನಮ್ಮ ತೂಬಿಗೆ ಬರುವಾಗ ಶುಕ್ರವಾರ.

"ಹಾಗಾದರೆ ಶುಕ್ರವಾರ ರಾತ್ರಿ ತೂಬಿನ ಹತ್ತಿರ ಇಬ್ಬರು ಬೇಕು. ಅಷ್ಟರೊಳಗೆ ಬಂದುಬಿಡು. ಇಲ್ಲಿ ಟಾರ್ಚಿನ ಶೆಲ್ ಮುಗಿದಿದೆ, ಭದ್ರಾವತಿಯಲ್ಲಿ ತೆಗೆದುಕೊಂಡು ಬಾ" ಎಂದರು.

ಆಗಲಿ ಎಂದೆ. ದೋಣಿ ಇನ್ನೊಂದು ನಡುಗಡ್ಡೆಯ ಕಡೆ ತಿರುಗಿತ್ತು. ಕಲ್ಲಿನ ಮೇಲೆ ಮೊಸಳೆ ಮಲಗಿದೆ ಎಂದು ಬೆಂಗಳೂರಿನ ಹುಡುಗ ಎದ್ದು ನಿಂತು ಕೂಗುತ್ತಿದ್ದ. ಅವನ ತಾಯಿ ಲೈಫ್ ಜಾಕೆಟ್‌ನ ಪಟ್ಟಿ ಹಿಡಿದು ಎಳೆದು ಕೂರಿಸುತ್ತಿದ್ದರು.